ಅರವತ್ತಾದ ಮೇಲೆ ದನಿ ಎತ್ತುವುದು

ನಮ್ಮ ಊರಿನ ಬ್ಯಾಂಕಿನ ಮುಂದೆ ಚರಂಡಿಗೆ ಹಾಸಿದ್ದ ಚಪ್ಪಡಿಗಳಲ್ಲಿ ಮೂರು ಮುರಿದುಹೋಗಿದ್ದವು. ನವೆಂಬರ್ ಬಂತೆಂದರೆ ಜೀವಿತ ಪ್ರಮಾಣ ಪತ್ರ ಕೊಡಲು ತಾಲ್ಲೂಕಿನ ಬಹಳಷ್ಟು ಪಿಂಚಣಿದಾರರು ಅಲ್ಲಿಗೇ ಬರುತ್ತಾರೆ. ಕೋಲೂರಿಕೊಂಡು ಬರುವವರು, ಮೊಮ್ಮಗನ ಹೆಗಲು ಹಿಡಿದು ಬರುವವರು, ಎಲ್ಲರೂ ಆ ಸಂದಿಯನ್ನು ದಾಟಿಯೇ ಒಳಗೆ ಹೋಗಬೇಕು. ನಮ್ಮ ಬೀದಿಯವರೆಲ್ಲ 'ಅಕ್ಕ' ಎಂದು ಕರೆಯುವ ಒಬ್ಬರಿದ್ದಾರೆ. ವಯಸ್ಸು 64, ಯಜಮಾನರು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಬರುತ್ತದೆ. ಆ ಸಂದಿಯಲ್ಲಿ ಅವರ ಕಾಲು ಸಿಕ್ಕಿಕೊಂಡು, ಬಿದ್ದು, ಬಲಗೈ ಮಣಿಕಟ್ಟು ಮುರಿಯಿತು. ನೋಡಲು ಹೋದಾಗ ಅವರು ಹೇಳಿದ್ದು ಒಂದೇ ಮಾತು: "ನಾನೇ ನೋಡ್ಕೊಂಡು ನಡೀಬೇಕಿತ್ತು ಅಣ್ಣಾ."

ಆ ಮಾತು ನನ್ನನ್ನು ಕಾಡಿತು. ಚಪ್ಪಡಿ ಸರಿಪಡಿಸಬೇಕಾದವರು ಬೇರೆ, ಬಿದ್ದವರು ಇವರು, ತಪ್ಪೊಪ್ಪಿಕೊಂಡವರೂ ಇವರೇ. ಅರವತ್ತು ದಾಟಿದ ನಮ್ಮಲ್ಲಿ ಬಹಳ ಜನ ಹೀಗೇ ಇದ್ದೇವೆ. ಸಾರ್ವಜನಿಕ ಕೆಲಸಕ್ಕೆ ಇಳಿಯಲು ಮನಸ್ಸಿದೆ, ಬಿಡುವೂ ಇದೆ. ಆದರೆ ಎಲ್ಲಿಂದ ಶುರು ಮಾಡುವುದು, ಯಾರಿಗೆ ಏನು ಬರೆಯುವುದು, ಮುಂದೆ ನಿಂತು ಮಾತಾಡಿದರೆ ಏನಾಗುತ್ತದೋ ಎಂಬಲ್ಲಿಗೆ ಬಂದು ನಿಂತುಬಿಡುತ್ತೇವೆ. ಮೂವತ್ತಮೂರು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತ ನೋಡಿಕೊಂಡವನು ನಾನು. ಅರ್ಜಿ ಒಳಗೆ ಬಂದ ಮೇಲೆ ಏನಾಗುತ್ತದೆ ಎಂಬುದನ್ನು ಮೇಜಿನ ಆ ಕಡೆ ಕೂತು ಕಂಡಿದ್ದೇನೆ. ನಿವೃತ್ತಿಯ ನಂತರ ಈ ಕಡೆಯಿಂದಲೂ ಕಂಡೆ. ಎರಡೂ ಕಡೆ ನೋಡಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಧೈರ್ಯ ರಟ್ಟೆಯ ಬಲದಿಂದಾಗಲಿ ಗಂಟಲಿನ ಜೋರಿನಿಂದಾಗಲಿ ಬರುವುದಲ್ಲ. ಅದು ರೂಢಿಯಿಂದ ಬರುತ್ತದೆ. ಮೊದಲು ಕಾಗದದ ಮೇಲೆ, ಆಮೇಲೆ ಕೌಂಟರಿನ ಮುಂದೆ, ಆಮೇಲೆ ಸಭೆಯಲ್ಲಿ. ಈ ಕ್ರಮ ತಪ್ಪಿಸಿ ನೇರವಾಗಿ ಧರಣಿಗೆ ಕೂತವರು ಬೇಗ ಸೋತು ಮನೆ ಸೇರುವುದನ್ನು ನೋಡಿದ್ದೇನೆ.

ಮೊದಲು ಹೆದರಿಕೆಯ ಬೇರನ್ನು ನೋಡೋಣ. ನೌಕರಿಯಲ್ಲಿದ್ದಷ್ಟು ಕಾಲ ನಡತೆ ನಿಯಮಗಳು ನಮ್ಮ ಬಾಯಿ ಕಟ್ಟಿದ್ದವು. ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವಂತಿಲ್ಲ, ಪತ್ರಿಕೆಗೆ ಬರೆಯಬೇಕಾದರೂ ಮೇಲಿನವರ ಅನುಮತಿ. ನಿವೃತ್ತಿಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ ಸಿಗುತ್ತದೆ. ಇನ್ನು ಮಾತಾಡಬಹುದು ಎಂದು ಯಾರೂ ಹೇಳಿ ಕಳಿಸುವುದಿಲ್ಲ. ಹಾಗಾಗಿ ಅನುಮತಿ ಬೇಡದ ಕಡೆಯೂ ನಾವು ಅನುಮತಿಗೆ ಕಾಯುತ್ತೇವೆ. "ಪಿಂಚಣಿಗೆ ಏನಾದರೂ ತೊಂದರೆಯಾದರೆ?" ಎಂದು ನನ್ನನ್ನು ಕೇಳದ ಗೆಳೆಯರಿಲ್ಲ. ಗಂಭೀರ ಅಪರಾಧಕ್ಕೆ ಶಿಕ್ಷೆಯಾದರೆ ಅಥವಾ ಘೋರ ದುರ್ನಡತೆ ಸಾಬೀತಾದರೆ ಪಿಂಚಣಿ ತಡೆಹಿಡಿಯಲು ಅವಕಾಶವಿದೆ, ನಿಜ. ಆದರೆ ಅರ್ಜಿ ಕೊಡುವುದು, ಮಾಹಿತಿ ಕೇಳುವುದು, ಗ್ರಾಮಸಭೆಯಲ್ಲಿ ಎದ್ದು ನಿಲ್ಲುವುದು ಅಪರಾಧವೂ ಅಲ್ಲ, ದುರ್ನಡತೆಯೂ ಅಲ್ಲ. ಕಾನೂನೇ ಕೊಟ್ಟ ಹಕ್ಕುಗಳು ಅವು.

ಹೆಂಗಸರ ಮೌನಕ್ಕೆ ಕಾರಣ ಬೇರೆ. ಅಕ್ಕ ನಲವತ್ತು ವರ್ಷ ಮನೆಯ ಲೆಕ್ಕ ನೋಡಿದವರು, ಇಬ್ಬರು ಹೆಣ್ಣುಮಕ್ಕಳ ಮದುವೆಗೆ ಚೌಲ್ಟ್ರಿಯವರ ಜೊತೆ ಚೌಕಾಸಿ ಮಾಡಿದವರು. ಅಂಥವರು ಪುರಸಭೆಯ ಮೆಟ್ಟಿಲು ಹತ್ತುವಾಗ ಮಾತ್ರ ನನ್ನ ಹಿಂದೆ ಬಂದು ನಿಂತರು. ಅಲ್ಲಿ ಮಾತಾಡುವುದು ಗಂಡಸರ ಕೆಲಸ ಎಂಬ ಅಭ್ಯಾಸ ಅಷ್ಟು ಆಳಕ್ಕಿಳಿದಿದೆ. ಅದನ್ನು ಮುರಿದವರ ಸಾಲು ನಮ್ಮ ನಾಡಿನಲ್ಲಿ ದೊಡ್ಡದಿದೆ. ಅಂಕೋಲಾದ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಆದರೆ ತಮ್ಮ ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ನಿಂತರು. 2017ರಲ್ಲಿ ಪದ್ಮಶ್ರೀ ಬಂದಾಗಲೂ ಜನ ಅವರ ಹಾಡಿನ ಜೊತೆ ಈ ಹೋರಾಟವನ್ನೂ ನೆನೆದರು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸಾವಿರಾರು ಹೆಂಗಸರು ನಡೆದುಕೊಂಡೇ ಬಂದರು. ಆ ಸಾಲಿನಲ್ಲಿ ಅಜ್ಜಿಯರೂ ಇದ್ದರು.

ವಯಸ್ಸಿನ ಮಾತು ಬಂದಾಗ ಇನ್ನಿಬ್ಬರನ್ನು ನೆನೆಯದೆ ಇರಲಾರೆ. ಶಿವರಾಮ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರ ಲೋಕಸಭಾ ಚುನಾವಣೆಗೆ ನಿಂತಾಗ ಅವರಿಗೆ 87 ವರ್ಷ. ಗೆಲ್ಲಲಿಲ್ಲ. ಆದರೆ ಕೈಗಾದ ವಿಷಯ ಆ ಜಿಲ್ಲೆಯ ಊರೂರಿನಲ್ಲಿ ಚರ್ಚೆಯಾಯಿತು. ಎಚ್.ಎಸ್. ದೊರೆಸ್ವಾಮಿಯವರು ಹುಟ್ಟಿದ್ದು 1918ರಲ್ಲಿ. ಬೆಂಗಳೂರಿನ ಸರ್ಕಾರಿ ಭೂಮಿ ನುಂಗಿದವರ ವಿರುದ್ಧ 2014ರಲ್ಲಿ ವಾರಗಟ್ಟಲೆ ನಡೆದ ಧರಣಿಯಲ್ಲಿ ಕೂತಾಗ 96. ಇಂಥವರನ್ನು ನೋಡಿ 'ಅದೆಲ್ಲ ನಮ್ಮ ಕೈಲಿ ಆಗುತ್ತಾ' ಎಂದು ಕೈಚೆಲ್ಲಬೇಡಿ. ದೊರೆಸ್ವಾಮಿಯವರು 1942ರಲ್ಲೇ ಜೈಲು ಕಂಡವರು, ಅವರಿಗೆ ಎಪ್ಪತ್ತು ವರ್ಷದ ರೂಢಿಯಿತ್ತು. ನಾವು ಶುರು ಮಾಡುತ್ತಿರುವುದು ಈಗ. ಆದ್ದರಿಂದ ಸಣ್ಣದರಿಂದಲೇ ಶುರು ಮಾಡಬೇಕು.

ಎಷ್ಟು ಸಣ್ಣದು? ಊರಿನ ಭ್ರಷ್ಟಾಚಾರ ಅಷ್ಟನ್ನೂ ಒಂದೇ ಸಲ ಎತ್ತಿಕೊಳ್ಳಬೇಡಿ. ಕಣ್ಣಿಗೆ ಕಾಣುವ, ಟೇಪು ಹಿಡಿದು ಅಳೆಯಬಹುದಾದ, ಒಂದು ಕಚೇರಿಗೆ ಸೇರಿದ, ನಿಮ್ಮ ಬೀದಿಯ ಹತ್ತು ಮನೆಗೆ ಸಂಬಂಧಿಸಿದ ಒಂದು ಸಂಗತಿ ಸಾಕು. ಉರಿಯದ ಬೀದಿ ದೀಪ, ಬಾಗಿಲು ತೆರೆಯದ ಸಾರ್ವಜನಿಕ ಶೌಚಾಲಯ, ತಂಗುದಾಣವಿಲ್ಲದ ಬಸ್ ನಿಲುಗಡೆ. ನಮಗೆ ಚಪ್ಪಡಿ ಸಿಕ್ಕಿತು.

ಮೊದಲ ಅರ್ಜಿ ಪುರಸಭೆಯ ಮುಖ್ಯಾಧಿಕಾರಿಗಳಿಗೆ. ಅರ್ಧ ಪುಟ ಮೀರಬಾರದು. ಸ್ಥಳ ಯಾವುದು, ತೊಂದರೆ ಏನು, ಯಾವಾಗಿನಿಂದ, ಏನಾಗಬೇಕು, ಅಷ್ಟೆ. 'ತಮ್ಮ ಪಾದಾರವಿಂದಗಳಿಗೆ' ಎಂಬ ಧಾಟಿ ಬೇಡ, ಬೈಗುಳವೂ ಬೇಡ. ಮೊಬೈಲಿನಲ್ಲಿ ತೆಗೆದ ಚಿತ್ರ ಒಂದನ್ನು ಲಗತ್ತಿಸಿ, ಹನ್ನೆರಡು ಜನರ ಸಹಿ ಹಾಕಿಸಿದೆವು. ಇಲ್ಲಿ ಕಚೇರಿಯ ಒಳಗಿನ ಒಂದು ಮಾತು ಹೇಳುತ್ತೇನೆ, ನೆನಪಿಡಿ. ಅರ್ಜಿಯನ್ನು ಸಾಹೇಬರ ಕೈಗೆ ಕೊಟ್ಟು ನಮಸ್ಕಾರ ಹೇಳಿ ಬಂದರೆ ಅದು ಅವರ ಮೇಜಿನ ಗಾಜಿನ ಕೆಳಗೇ ಉಳಿಯಬಹುದು. ಅದೇ ಅರ್ಜಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟರೆ ರಿಜಿಸ್ಟರಿನಲ್ಲಿ ನಮೂದಾಗಿ ಅದಕ್ಕೊಂದು ಸಂಖ್ಯೆ ಬೀಳುತ್ತದೆ. ಸಂಖ್ಯೆ ಬಿದ್ದ ಕಾಗದಕ್ಕೆ ಯಾರಾದರೂ ಒಬ್ಬರು ಲೆಕ್ಕ ಕೊಡಲೇಬೇಕು. ಎರಡು ಪ್ರತಿ ಒಯ್ಯಿರಿ. ಒಂದು ಅವರಿಗೆ, ಇನ್ನೊಂದರ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಂಡು ನಿಮಗೆ. "ನಾಳೆ ಬನ್ನಿ, ಸೀಲ್ ಬೀರುವಿನಲ್ಲಿದೆ" ಎಂದರೆ, "ಪರವಾಗಿಲ್ಲ, ಕಾಯುತ್ತೇವೆ" ಎಂದು ಅಲ್ಲೇ ಬೆಂಚಿನ ಮೇಲೆ ಕೂರಿ. ಗಟ್ಟಿಯಾಗಿ ಮಾತಾಡಬೇಕಿಲ್ಲ. ನಮ್ಮ ಹತ್ತಿರ ಸಮಯವಿದೆ ಎಂಬುದು ಎದುರಿನವರಿಗೆ ತಿಳಿದರೆ ಸಾಕು. ಇಡೀ ಕೆಲಸದಲ್ಲಿ ನಿವೃತ್ತರಿಗೆ ಇರುವ ದೊಡ್ಡ ಆಸ್ತಿ ಅದೇ. ನೌಕರಿಗೆ ಹೋಗುವ ಮಗ ಅರ್ಧ ದಿನ ರಜೆ ಹಾಕಿ ಬರಬೇಕು, ನಾವು ಬಾಟಲಿಯಲ್ಲಿ ನೀರು ತಂದು ಕೂರಬಹುದು.

ಜಾತಿ, ಆದಾಯ ಪ್ರಮಾಣ ಪತ್ರದಂಥ ಸೇವೆಗಳಾದರೆ ದಾರಿ ಇನ್ನೂ ಸುಲಭ. 2012ರಿಂದ ಜಾರಿಯಲ್ಲಿರುವ ಸಕಾಲ ಕಾನೂನಿನ ಪ್ರಕಾರ ಪ್ರತಿ ಸೇವೆಗೂ ಇಂತಿಷ್ಟು ದಿನ ಎಂಬ ಗಡುವಿದೆ. ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆಯ ಸ್ವೀಕೃತಿ ಕೇಳಿ ಪಡೆಯಿರಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಹಣ ಸಣ್ಣದು, ಆದರೆ ಅದು ತಪ್ಪಿತಸ್ಥ ನೌಕರನ ಲೆಕ್ಕಕ್ಕೆ ಬರುವುದರಿಂದ ಕಡತ ಬೇಗ ಚಲಿಸುತ್ತದೆ. ಉಳಿದ ಕುಂದುಕೊರತೆಗೆ 1902ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಅಲ್ಲೂ ಸಂಖ್ಯೆ ಕೊಡುತ್ತಾರೆ, ಬರೆದಿಟ್ಟುಕೊಳ್ಳಿ.

ನಮ್ಮ ಅರ್ಜಿಗೆ ಹದಿನೈದು ದಿನ ಉತ್ತರ ಬರಲಿಲ್ಲ. ಆಗ ಮಾಹಿತಿ ಹಕ್ಕಿಗೆ ಹೋದೆವು. ಬಹಳ ಜನ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

2005ರ ಮಾಹಿತಿ ಹಕ್ಕು ಕಾಯ್ದೆ ನಮಗೆ ಕೊಟ್ಟಿರುವುದು ದಾಖಲೆ ನೋಡುವ ಹಕ್ಕು. ಅಧಿಕಾರಿಗೆ ಪ್ರಶ್ನೆಪತ್ರಿಕೆ ಕೊಡುವ ಹಕ್ಕಲ್ಲ. 'ಚಪ್ಪಡಿ ಯಾಕೆ ಹಾಕಿಲ್ಲ?' ಎಂದು ಬರೆದರೆ, 'ಕಾರಣ ಕೇಳಿರುವುದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ' ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ನನ್ನ ಸೇವಾವಧಿಯಲ್ಲಿ ಅಂಥ ಸಾಲುಗಳನ್ನು ನಾನೇ ಟೈಪ್ ಮಾಡಿದ್ದೇನೆ. ಹಾಗೆ ಬರೆಯುವ ಬದಲು ಹೀಗೆ ಬರೆಯಿರಿ: 'ಬ್ಯಾಂಕಿನ ಮುಂಭಾಗದ ಚರಂಡಿಗೆ ಸಂಬಂಧಿಸಿದಂತೆ ಕಳೆದ ಎರಡು ವರ್ಷಗಳಲ್ಲಿ ಕೈಗೊಂಡ ಕಾಮಗಾರಿಗಳ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು ಮತ್ತು ಪಾವತಿಸಿದ ಬಿಲ್ಲುಗಳ ದೃಢೀಕೃತ ಪ್ರತಿ ಒದಗಿಸಿ.' ಇವು ಕಚೇರಿಯಲ್ಲಿ ಇರಲೇಬೇಕಾದ ಕಾಗದಗಳು. ಕೆಲಸ ಆಗಿದೆ ಎಂದು ಹಣ ಹೋಗಿದ್ದರೆ ಈ ನಾಲ್ಕರಲ್ಲಿ ಅದರ ಗುರುತು ಇದ್ದೇ ಇರುತ್ತದೆ. ಇನ್ನೊಂದು ಎಚ್ಚರ: ಕೇಳುವುದು ಕಾಮಗಾರಿಯ ಬಗ್ಗೆ ಇರಲಿ, ಎಂಜಿನಿಯರ್ ಅಥವಾ ಗುತ್ತಿಗೆದಾರರ ಖಾಸಗಿ ಸಂಗತಿಯ ಬಗ್ಗೆ ಬೇಡ. ವೈಯಕ್ತಿಕ ಮಾಹಿತಿ ಎಂದು ನಿರಾಕರಿಸಲು ಕಾನೂನಿನಲ್ಲೇ ಅವಕಾಶವಿದೆ.

ಅರ್ಜಿ 'ಸಾರ್ವಜನಿಕ ಮಾಹಿತಿ ಅಧಿಕಾರಿ'ಗೆ. ನಮ್ಮ ರಾಜ್ಯದಲ್ಲಿ ನಮೂನೆ 'ಎ' ಇದೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸುಮಾರು 150 ಪದದ ಮಿತಿ. ಶುಲ್ಕ 10 ರೂಪಾಯಿ, ಅಂಚೆ ಕಚೇರಿಯ ಪೋಸ್ಟಲ್ ಆರ್ಡರ್ ಆದರೆ ಅನುಕೂಲ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ, ದಾಖಲೆ ಲಗತ್ತಿಸಬೇಕು. ಮಾಹಿತಿ ಯಾಕೆ ಬೇಕು ಎಂದು ಹೇಳಬೇಕಿಲ್ಲ, ಅವರು ಕೇಳುವಂತೆಯೂ ಇಲ್ಲ. ಆ ಕಾಗದ ಬೇರೆ ಇಲಾಖೆಯಲ್ಲಿದ್ದರೆ ಐದು ದಿನದೊಳಗೆ ಅಲ್ಲಿಗೆ ವರ್ಗಾಯಿಸುವುದು ಅವರದೇ ಹೊಣೆ. 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ, ಅಥವಾ ಬಂದದ್ದು ಸರಿಯಿಲ್ಲದಿದ್ದರೆ, 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ. ತಪ್ಪಿತಸ್ಥ ಅಧಿಕಾರಿಗೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಆದರೆ ಅಲ್ಲಿ ಸರದಿ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಮೊದಲ ಅರ್ಜಿಯನ್ನೇ ಬಿಗಿಯಾಗಿ ಬರೆಯುವುದಕ್ಕೆ ಎರಡು ಸಂಜೆ ಕೊಟ್ಟರೂ ನಷ್ಟವಿಲ್ಲ.

ಅರ್ಜಿಯನ್ನು ಅಕ್ಕನ ಹೆಸರಿನಲ್ಲೇ ಹಾಕಿದೆವು. ನಾನು ಬರೆದು ಕೊಡುತ್ತೇನೆ ಎಂದರೆ, "ಬೇಡ, ನೀವು ಹೇಳಿ, ಮೊಮ್ಮಗಳು ಬರೀತಾಳೆ, ನಾನು ಎಡಗೈಲಿ ಸಹಿ ಮಾಡ್ತೀನಿ" ಎಂದರು. ಅವರು ಮೊದಲ ಹೆಜ್ಜೆ ಇಟ್ಟದ್ದು ಅಲ್ಲಿ ಎಂದು ನನಗೆ ಆಮೇಲೆ ತಿಳಿಯಿತು.

ಇಪ್ಪತ್ತೆಂಟನೆಯ ದಿನ ಪತ್ರ ಬಂತು: 14 ಪುಟ, ಪುಟಕ್ಕೆ 2 ರೂಪಾಯಿಯಂತೆ 28 ರೂಪಾಯಿ ಕಟ್ಟಿ ಪ್ರತಿ ಪಡೆಯಿರಿ. ಪಡೆದೆವು. ಅಳತೆ ಪುಸ್ತಕದ ಪುಟದಲ್ಲಿ ಹೊಸ ಚಪ್ಪಡಿ 30 ಮೀಟರ್ ಎಂದಿತ್ತು. ಅದೇ ಸಂಜೆ ಬಡಗಿಯವರ ಟೇಪು ತೆಗೆದುಕೊಂಡು ಬ್ಯಾಂಕಿನ ಮುಂದೆ ಹೋದೆವು. ಹೊಸ ಚಪ್ಪಡಿ ಬೂದು ಬಣ್ಣ, ಅಂಚು ಚೂಪು. ಹಳೆಯವು ಪಾಚಿ ಹಿಡಿದು ಕಪ್ಪಾಗಿವೆ. ಎಲ್ಲಿ ಹೊಸದು ಮುಗಿದು ಹಳೆಯದು ಶುರುವಾಗುತ್ತದೆ ಎಂಬುದು ಯಾರಿಗಾದರೂ ಕಾಣುವಂತಿತ್ತು. ಅಕ್ಕನ ಪಟ್ಟಿ ಬಿಚ್ಚಿ ಹತ್ತು ದಿನವಾಗಿತ್ತಷ್ಟೆ, ಬಲಗೈ ಇನ್ನೂ ಮಡಚುತ್ತಿರಲಿಲ್ಲ. ಎಡಗೈಯಲ್ಲಿ ಟೇಪಿನ ತುದಿ ಒತ್ತಿ ಹಿಡಿದು ಕೂತರು. 21 ಮೀಟರ್. ಇನ್ನೊಮ್ಮೆ ಅಳೆದೆವು. 21. ಎಳನೀರಿನವನು ಗಾಡಿ ಬಿಟ್ಟು ಬಂದು ನೋಡಿದ. ಬ್ಯಾಂಕಿನ ಕಾವಲುಗಾರ ಟಾರ್ಚ್ ಹಿಡಿದ. ಅಕ್ಕ ಎದ್ದು ನಿಂತು ಸೆರಗು ಕೊಡವಿಕೊಂಡು ಹೇಳಿದರು: "ಒಂಬತ್ತು ಮೀಟರ್ ಎಲ್ಲಿ ಹೋಯ್ತಣ್ಣಾ? ನಾನು ಬಿದ್ದದ್ದು ಆ ಒಂಬತ್ತರೊಳಗೇ." ನವೆಂಬರಿನಲ್ಲಿ ತಪ್ಪು ತನ್ನದೇ ಎಂದವರು ಅವರು. ಒಂದು ಟೇಪು, ಒಂದು ಜೆರಾಕ್ಸ್ ಪುಟ ಅವರಲ್ಲಿ ಎಬ್ಬಿಸಿದ ಧೈರ್ಯವನ್ನು ನನ್ನ ಯಾವ ಉಪದೇಶವೂ ಎಬ್ಬಿಸುತ್ತಿರಲಿಲ್ಲ.

ಇಂಥ ಹೊತ್ತಿನಲ್ಲೇ ಎಚ್ಚರ ತಪ್ಪುವುದು. ಗುಂಪಿನಲ್ಲಿದ್ದ ಒಬ್ಬರು ಆ ರಾತ್ರಿಯೇ ವಾಟ್ಸಾಪ್‌ನಲ್ಲಿ 'ಕಳ್ಳರು' ಎಂದು ಹೆಸರು ಹಾಕಿ ಬರೆಯಲು ಹೊರಟಿದ್ದರು. ತಡೆದೆವು. ಯಾರು ಕದ್ದರು ಎಂಬುದು ನಮಗೆ ಗೊತ್ತಿಲ್ಲ. ಗೊತ್ತಿರುವುದು ಎರಡು ಅಂಕಿ ಮಾತ್ರ: ಪುಸ್ತಕದಲ್ಲಿ 30, ನೆಲದ ಮೇಲೆ 21. ಅಷ್ಟನ್ನೇ ಹೇಳಿದರೆ ಯಾರೂ ನಮ್ಮನ್ನು ಏನೂ ಮಾಡಲಾಗದು. ಹೆಸರು ಹಿಡಿದು ಆರೋಪಿಸಿದರೆ ಮಾನನಷ್ಟದ ಮೊಕದ್ದಮೆಗೆ ನಾವೇ ಬಾಗಿಲು ತೆರೆದಂತೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 356ನೇ ಕಲಂ.

ಅಪಾಯವನ್ನು ಮುಚ್ಚಿಟ್ಟು ಹುರಿದುಂಬಿಸುವುದು ನನಗೆ ಸರಿ ಕಾಣುವುದಿಲ್ಲ. ಕರ್ನಾಟಕದಲ್ಲೂ ಮಾಹಿತಿ ಹಕ್ಕಿನ ಕಾರ್ಯಕರ್ತರ ಮೇಲೆ ಹಲ್ಲೆಗಳಾಗಿವೆ, ಕೊಲೆಗಳೂ ಆಗಿವೆ. ಮರಳು, ಕಲ್ಲು ಗಣಿ, ಸರ್ಕಾರಿ ಜಮೀನು, ಇವುಗಳಲ್ಲಿ ದೊಡ್ಡ ಹಣವಿದೆ. ಅವನ್ನು ಒಬ್ಬರೇ ಮುಟ್ಟಬೇಡಿ. ಸಂಘಟನೆಯ ಮೂಲಕ, ವಕೀಲರ ಸಲಹೆ ಪಡೆದು, ಹಲವರ ಹೆಸರಿನಲ್ಲಿ ಹೋಗಿ. ಸಣ್ಣ ವಿಷಯಕ್ಕಾದರೂ ಕಚೇರಿಗೆ ಇಬ್ಬರಿಗಿಂತ ಕಡಿಮೆ ಹೋಗಬೇಡಿ. ಎಲ್ಲ ಕಾಗದದ ಪ್ರತಿ ಕನಿಷ್ಠ ಮೂರು ಮನೆಯಲ್ಲಿರಲಿ. ಯಾರಾದರೂ ಬೆದರಿಸಿದರೆ ಆ ದಿನವೇ ಠಾಣೆಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಮನೆಯವರಿಗೆ ಹೇಳಿಯೇ ಹೊರಡಿ. "ನಿಮಗ್ಯಾಕಪ್ಪಾ ಊರ ಉಸಾಬರಿ?" ಎಂದು ನನ್ನ ಮಗ ಬೆಂಗಳೂರಿನಿಂದ ಫೋನಿನಲ್ಲಿ ಕೇಳಿದ. ಅವನ ಮಾತಿನ ಹಿಂದೆ ಇದ್ದದ್ದು ಭಯ, ಅಸಡ್ಡೆಯಲ್ಲ. ಕಡತದ ಚಿತ್ರ ಕಳಿಸಿ, ನಾವು ಎಂಟು ಜನ ಇದ್ದೇವೆ ಎಂದು ತಿಳಿಸಿದ ಮೇಲೆ, ಮೇಲ್ಮನವಿಯ ನಮೂನೆಯನ್ನು ಅವನೇ ಹುಡುಕಿ ಕಳಿಸಿದ.

ದೇಹದ ಮಾತು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಉಪವಾಸ ಸತ್ಯಾಗ್ರಹಕ್ಕೆ ಕೂರಬಾರದು. ಇದನ್ನು ಕಟ್ಟುನಿಟ್ಟಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ವಯಸ್ಸಿನವರ ಮನಸ್ಸಿಗೆ ಗಾಂಧೀಜಿಯವರ ದಾರಿ ಮೊದಲು ಬರುತ್ತದೆ. ಮೆರವಣಿಗೆಯಿದ್ದರೆ ಮೊದಲ ಅರ್ಧ ಕಿಲೋಮೀಟರ್ ನಡೆದು ಕೂರಿ, ತಪ್ಪಿಲ್ಲ. ಚೀಲದಲ್ಲಿ ಮಾತ್ರೆ, ನೀರು, ಬಿಸ್ಕತ್ತು, ಕನ್ನಡಕ, ತುರ್ತಿಗೆ ಕರೆಯಬೇಕಾದವರ ಸಂಖ್ಯೆ ಬರೆದ ಚೀಟಿ. ಹೋಗುವ ಜಾಗದಲ್ಲಿ ಶೌಚಾಲಯ ಎಲ್ಲಿದೆ ಎಂದು ಮೊದಲೇ ತಿಳಿದುಕೊಳ್ಳಿ. ಎಷ್ಟೋ ಹೆಂಗಸರು ಪ್ರತಿಭಟನೆಗೆ ಬಾರದಿರುವುದು ಅದೊಂದೇ ಕಾರಣಕ್ಕೆ, ಹೇಳಿಕೊಳ್ಳುವುದಿಲ್ಲ ಅಷ್ಟೆ. ಪೊಲೀಸರ ಅನುಮತಿ ಪಡೆದೇ ಕೂರಿ. ಬೆಂಗಳೂರಿನಲ್ಲಿ 2021ರ ಆದೇಶದ ನಂತರ ಪ್ರತಿಭಟನೆಗೆ ಇರುವುದು ಸ್ವಾತಂತ್ರ್ಯ ಉದ್ಯಾನವನ ಒಂದೇ.

ಇನ್ನು ಸಭೆ. ಹಳ್ಳಿಯಾದರೆ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು, ಅದಕ್ಕೂ ಮೊದಲು ವಾರ್ಡ್ ಸಭೆ. ನಡೆಯದಿದ್ದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಬರೆದು ದಿನಾಂಕ ಕೇಳಿ. ಪಟ್ಟಣದಲ್ಲಿ ಬಜೆಟ್ ಪೂರ್ವಭಾವಿ ಸಭೆಗೆ ಸಾರ್ವಜನಿಕರನ್ನು ಕರೆಯುತ್ತಾರೆ. ನೋಟಿಸು ಪುರಸಭೆಯ ಫಲಕದಲ್ಲಿ ಅಂಟಿಸಿರುತ್ತದೆ, ಯಾರೂ ಓದುವುದಿಲ್ಲ. ನಾವು ಓದಿದೆವು. ಅಕ್ಕ ಮೂರು ದಿನ ಮನೆಯಲ್ಲಿ ಮೊಮ್ಮಗಳ ಮುಂದೆ ನಿಂತು ಹೇಳಿ ಅಭ್ಯಾಸ ಮಾಡಿದರು. ಹೆಸರು, ವಾರ್ಡು, ಒಂದು ಅಂಕಿ, ಒಂದು ಬೇಡಿಕೆ, ಒಂದು ದಿನಾಂಕ. ಒಂದು ನಿಮಿಷ ಮೀರದ ಮಾತು. ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಂಡಿದ್ದರು. ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತೆವು. ಹಿಂದೆ ಕೂತರೆ ಮೈಕು ಅಲ್ಲಿಯವರೆಗೆ ಬರುವುದಿಲ್ಲ, ನಮ್ಮ ಕಿವಿಗೂ ಕೇಳುವುದಿಲ್ಲ. ಅವರ ಸರದಿ ಬಂದಾಗ ಕಾಗದ ನಡುಗುತ್ತಿತ್ತು, ದನಿ ನಡುಗಲಿಲ್ಲ. ಯಾರೋ ಹಿಂದಿನಿಂದ "ಕೂತ್ಕೊಳಮ್ಮ" ಎಂದರು. ಅಕ್ಕ ತಿರುಗಿಯೂ ನೋಡದೆ ಕೊನೆಯ ಸಾಲು ಮುಗಿಸಿದರು: ಉಳಿದ ಒಂಬತ್ತು ಮೀಟರ್ ಯಾವ ದಿನಾಂಕದೊಳಗೆ ಹಾಕುತ್ತೀರಿ, ನಡಾವಳಿಯಲ್ಲಿ ಬರೆದುಕೊಳ್ಳಿ.

ನಡಾವಳಿ ಎಂಬ ಪದವನ್ನು ಮರೆಯಬೇಡಿ. ಸಭೆಯಲ್ಲಿ ತಲೆಯಾಡಿಸಿದ್ದು ಸಂಜೆಗೆ ಮರೆತುಹೋಗುತ್ತದೆ, ನಡಾವಳಿಗೆ ಸೇರಿದ್ದು ಮುಂದಿನ ವರ್ಷದ ಲೆಕ್ಕ ತಪಾಸಣೆಗೂ ಸಿಗುತ್ತದೆ. ವಾರದ ನಂತರ ಅದರ ಪ್ರತಿ ಕೇಳಿ ಪಡೆಯಿರಿ. ನಿಮ್ಮ ಮಾತು ಬಿಟ್ಟುಹೋಗಿದ್ದರೆ ಸೇರಿಸುವಂತೆ ಬರೆದುಕೊಡಿ.

ಮಾರ್ಚ್ ಎರಡನೇ ವಾರ ಚಪ್ಪಡಿ ಬಂದವು. ಹಣದ ಲೆಕ್ಕ ಇನ್ನೂ ಬಗೆಹರಿದಿಲ್ಲ. ಈಗ ನಮ್ಮ ಬೀದಿಯಲ್ಲಿ ತಿಂಗಳ ಮೊದಲ ಭಾನುವಾರ ಅಕ್ಕನ ಮನೆಯ ಜಗಲಿಯ ಮೇಲೆ ಹತ್ತು ಜನ ಸೇರುತ್ತೇವೆ. ಒಂದೇ ಕಡತ, ಒಂದೇ ವಿಷಯ, ಯಾರು ಯಾವ ದಿನ ಎಲ್ಲಿಗೆ ಹೋಗಬೇಕು ಎಂದು ಬರೆದುಕೊಂಡು, ಕಾಫಿ ಕುಡಿದು ಏಳುತ್ತೇವೆ. ಹೋದ ವಾರ ಸರ್ಕಾರಿ ಆಸ್ಪತ್ರೆಯ ಮುಂದೆ ಬಸ್ ನಿಲುಗಡೆ ಬೇಕೆಂಬ ಅರ್ಜಿ ಕೊಡಲು ನಾನೂ ಅಕ್ಕನೂ ಹೋಗಿದ್ದೆವು. ನಾನು ಚೀಲದಿಂದ ಕಾಗದ ತೆಗೆಯುವಷ್ಟರಲ್ಲಿ ಅವರು ಕೌಂಟರಿನ ಮುಂದೆ ನಿಂತು, ಎರಡನೇ ಪ್ರತಿಯನ್ನು ಗುಮಾಸ್ತರ ಕಡೆ ಸರಿಸುತ್ತಿದ್ದರು: "ಇದಕ್ಕೆ ಸೀಲ್ ಹಾಕ್ಕೊಡಪ್ಪಾ, ತಾರೀಕು ಕಾಣೋ ಹಾಗೆ."